ಸ್ಕೂಬಾ ಡೈವಿಂಗ್‌ನಲ್ಲಿ ದಿಕ್ಸೂಚಿಯ ಬಳಕೆ

ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಸಿಲಿಂಡರಿನಲ್ಲಿ ಹೊತ್ತು ನೀರಿನಡಿಯಲ್ಲಿ ಈಜುವ ಮುಳುಗುಗಾರರು ಕಾಂತೀಯ ದಿಕ್ಸೂಚಿಯ ನೆರವಿನಿಂದ ತಮ್ಮ ಹಾದಿಯನ್ನು ನಿರ್ಧರಿಸಿ, ಹೊರಟ ಸ್ಥಳಕ್ಕೆ ಮರಳಿ ಬರುವ ವಿಧಾನವನ್ನು ಸ್ಕೂಬಾ ಡೈವಿಂಗ್‌ನಲ್ಲಿ ದಿಕ್ಸೂಚಿಯ ಬಳಕೆ ಎನ್ನುತ್ತಾರೆ. ನೀರಿನಡಿಯಲ್ಲಿ ಸ್ಥಾನವನ್ನು ತಿಳಿಸುವ ಉಪಗ್ರಹ ಸಂಕೇತಗಳು ದೊರೆಯುವುದಿಲ್ಲ. ಆದ್ದರಿಂದ ಸಾಮಾನ್ಯ ಮುಳುಗುಗಾರರ ಪಾಲಿಗೆ ದಿಕ್ಸೂಚಿಯು ಇಂದಿಗೂ ಮುಖ್ಯ ಸಾಧನವಾಗಿ ಉಳಿದಿದೆ. ಆದರೆ ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ಈಜುವವರ ಮುಖ ಯಾವ ದಿಕ್ಕಿಗೆ ಇದೆ ಎಂಬುದಕ್ಕೆ. ಎಷ್ಟು ದೂರ ಬಂದಾಯಿತು, ನೀರಿನ ಸೆಳೆತ ಎತ್ತ ತಳ್ಳುತ್ತಿದೆ, ದೋಣಿ ಎಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ. ಅಲ್ಲದೆ ಒಂದು ದೇಶದಲ್ಲಿ ಸರಿಯಾಗಿ ಕೆಲಸ ಮಾಡಿದ ದಿಕ್ಸೂಚಿಯು ದೂರದ ಇನ್ನೊಂದು ದೇಶದ ಕಡಲಿನಲ್ಲಿ ಸರಾಗವಾಗಿ ತಿರುಗದಿರಬಹುದು. ಹೊರದೇಶಗಳಲ್ಲಿ ಮುಳುಗುವವರಿಗೆ ಈ ಎರಡು ಮಿತಿಗಳ ಅರಿವು ಅಗತ್ಯ.

ನೀರಿನಡಿಯಲ್ಲಿ ದಿಕ್ಕು ತಪ್ಪಲು ಕಾರಣಗಳು

ನೆಲದ ಮೇಲೆ ನಡೆಯುವವರಿಗೆ ದೂರದ ಬೆಟ್ಟ, ಮರ, ಗೋಪುರ, ಸೂರ್ಯನ ಸ್ಥಾನ ಮುಂತಾದ ಗುರುತುಗಳು ಸದಾ ಕಾಣುತ್ತಿರುತ್ತವೆ. ನೀರಿನಡಿಯಲ್ಲಿ ಇವು ಬಹುಮಟ್ಟಿಗೆ ಇಲ್ಲವಾಗುತ್ತವೆ. ಉಷ್ಣವಲಯದ ತಿಳಿನೀರಿನಲ್ಲಿ ಗೋಚರತೆ 20ರಿಂದ 30 ಮೀಟರ್ ಇರಬಹುದಾದರೂ, ಮಳೆಗಾಲದ ನಂತರದ ಕರಾವಳಿಯಲ್ಲೋ ಕೆರೆ, ಕಲ್ಲುಗಣಿಗಳ ನೀರಿನಲ್ಲೋ ಅದು ಕೆಲವೇ ಮೀಟರುಗಳಿಗೆ ಇಳಿಯುತ್ತದೆ. ಮೇಲಿನಿಂದ ಬರುವ ಬೆಳಕು ನೀರಿನಲ್ಲಿ ಚದುರುವುದರಿಂದ ಆಳ ಹೆಚ್ಚಿದಂತೆ ಎಲ್ಲ ದಿಕ್ಕುಗಳೂ ಒಂದೇ ಬಗೆಯಾಗಿ ಕಾಣುತ್ತವೆ.

ಕಣ್ಣು ಮತ್ತು ಕಿವಿ ಕೊಡುವ ಸುಳಿವುಗಳೂ ಇಲ್ಲಿ ಬದಲಾಗುತ್ತವೆ. ಮುಖವಾಡದ ಗಾಜಿನ ಮೂಲಕ ನೋಡುವಾಗ ಬೆಳಕಿನ ವಕ್ರೀಭವನದಿಂದ ವಸ್ತುಗಳು ನಿಜವಾದ ದೂರದ ಸುಮಾರು ಮುಕ್ಕಾಲು ಪಾಲಿನಷ್ಟು ದೂರದಲ್ಲಿರುವಂತೆ ತೋರುತ್ತವೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸಿದರೆ ನೀರಿನಲ್ಲಿ ಸುಮಾರು 1,500 ಮೀಟರ್ ವೇಗದಲ್ಲಿ ಚಲಿಸುತ್ತದೆ. ಎರಡು ಕಿವಿಗಳಿಗೆ ಶಬ್ದ ತಲಪುವ ಸಮಯದ ಅಂತರವನ್ನು ಆಧರಿಸಿ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಈ ಅಂತರ ನೀರಿನಲ್ಲಿ ತೀರಾ ಕಡಿಮೆಯಾಗುವುದರಿಂದ ದೋಣಿಯ ಇಂಜಿನ್ನಿನ ಸದ್ದು ಕೇಳಿಸಿದರೂ ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ನೇರವಾಗಿ ಈಜುತ್ತಿದ್ದೇನೆಂದು ನಂಬಿದವರು ಅರಿವಿಲ್ಲದೆ ಒಂದು ಬದಿಗೆ ಬಾಗಿ ಹೋಗುವುದು ಸಾಮಾನ್ಯ.

ದಾರಿ ತಪ್ಪಿದರೆ ಉಂಟಾಗುವ ಅಪಾಯ ನೇರವಾದುದು. ಹೊತ್ತೊಯ್ದ ಗಾಳಿಗೆ ಮಿತಿಯಿದೆ. ದೋಣಿಯನ್ನು ಹುಡುಕುತ್ತ ಕಳೆದ ಪ್ರತಿ ನಿಮಿಷವೂ ಮೇಲೇರಲು ಇಟ್ಟುಕೊಂಡ ಗಾಳಿಯನ್ನು ಕಡಿಮೆ ಮಾಡುತ್ತದೆ. ದೋಣಿಯಿಂದ ದೂರದಲ್ಲಿ ಮೇಲೆದ್ದವರು ಅಲೆ, ಸೆಳೆತ ಹಾಗೂ ಓಡಾಡುವ ಇತರ ದೋಣಿಗಳ ನಡುವೆ ಸಿಲುಕಬಹುದು.

ಇತಿಹಾಸ

ಕಾಂತಸೂಜಿ ದಿಕ್ಕನ್ನು ತೋರಿಸುತ್ತದೆ ಎಂಬುದನ್ನು ಚೀನಾದ ವಿದ್ವಾಂಸ ಶೆನ್ ಕುವೊ 1088ರ ಸುಮಾರಿಗೆ ರಚಿಸಿದ ಗ್ರಂಥದಲ್ಲಿ ವಿವರಿಸಿದ್ದಾನೆ. ಲಂಡನ್ನಿನ ಉಪಕರಣ ತಯಾರಕ ರಾಬರ್ಟ್ ನಾರ್ಮನ್ ಸಮತೋಲದಲ್ಲಿದ್ದ ಸೂಜಿಯನ್ನು ಕಾಂತೀಕರಿಸಿದ ಮೇಲೆ ಅದರ ಉತ್ತರ ತುದಿ ಕೆಳಕ್ಕೆ ವಾಲುವುದನ್ನು ಗಮನಿಸಿ, 1581ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಕಾಂತೀಯ ನತಿ ಎಂದು ಕರೆಯುವ ಈ ವಾಲುವಿಕೆಯು ಇಂದಿನ ಮುಳುಗುಗಾರರ ದಿಕ್ಸೂಚಿಯ ರಚನೆಯ ಮೇಲೂ ಪ್ರಭಾವ ಬೀರುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ನೌಕಾಪಡೆಯ ಮುಳುಗು ಸೈನಿಕರು ಕತ್ತಲೆಯಲ್ಲಿ ಹೊಳೆಯುವ ದಿಕ್ಸೂಚಿಗಳನ್ನು ಮಣಿಕಟ್ಟಿಗೆ ಕಟ್ಟಿಕೊಂಡು ರಾತ್ರಿಯ ಕಾರ್ಯಾಚರಣೆಗಳಿಗೆ ಹೋಗುತ್ತಿದ್ದರು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಅಕ್ವಾಲಂಗ್ ಉಪಕರಣದಿಂದ ಜನಸಾಮಾನ್ಯರೂ ನೀರಿನಡಿಯಲ್ಲಿ ಮುಕ್ತವಾಗಿ ಈಜುವುದು ಸಾಧ್ಯವಾಯಿತು. ಹಗ್ಗ, ಗಾಳಿಯ ಕೊಳವೆಗಳ ಮೂಲಕ ಮೇಲಿನ ಹಡಗಿಗೆ ಬಂಧಿತರಾಗಿದ್ದ ಹಿಂದಿನ ಮುಳುಗುಗಾರರಿಗೆ ದಾರಿ ತಪ್ಪುವ ಭಯವಿರಲಿಲ್ಲ. ಕೊಳವೆಯ ಬಂಧನ ಕಳಚಿದೊಡನೆ ಹಿಂದಿರುಗುವ ದಾರಿಯನ್ನು ತಾನೇ ಕಂಡುಕೊಳ್ಳುವ ಹೊಣೆ ಮುಳುಗುಗಾರರ ಮೇಲೆ ಬಿದ್ದಿತು.

ರಚನೆ

ಮುಳುಗುಗಾರರ ದಿಕ್ಸೂಚಿಯು ಎಣ್ಣೆಯಂತಹ ದ್ರವ ತುಂಬಿದ, ಒತ್ತಡವನ್ನು ತಾಳಬಲ್ಲ ಸಣ್ಣ ಡಬ್ಬಿ. ದ್ರವವು ಸೂಜಿಯ ಓಲಾಟವನ್ನು ತಗ್ಗಿಸುವುದಲ್ಲದೆ, ಸುಲಭವಾಗಿ ಕುಗ್ಗದ ಕಾರಣ ಹೊರಗಿನ ನೀರಿನ ಒತ್ತಡದಿಂದ ಡಬ್ಬಿ ನಜ್ಜುಗುಜ್ಜಾಗದಂತೆ ಕಾಪಾಡುತ್ತದೆ. ಇದರ ಮುಖ್ಯ ಭಾಗಗಳು ಮೂರು.

ಮೊದಲನೆಯದು ಕಾಂತಸೂಜಿ ಅಥವಾ ಸೂಜಿಯನ್ನು ಅಳವಡಿಸಿದ ಬಿಲ್ಲೆ. ಇದು ಯಾವಾಗಲೂ ಕಾಂತೀಯ ಉತ್ತರದ ಕಡೆಗೆ ನಿಲ್ಲುತ್ತದೆ. ಎರಡನೆಯದು ಡಬ್ಬಿಯ ಮೇಲೆ ಉದ್ದಕ್ಕೂ ಎಳೆದ ಸ್ಥಿರವಾದ ಗೆರೆ. ಇದನ್ನು ಮುಖರೇಖೆ ಎನ್ನಬಹುದು. ಈಜುವವರು ಸಾಗುವ ದಿಕ್ಕನ್ನು ಇದು ಸೂಚಿಸುತ್ತದೆ. ಮೂರನೆಯದು ಡಬ್ಬಿಯ ಸುತ್ತ ತಿರುಗುವ ಬಳೆ. ಇದರ ಮೇಲೆ 0ಯಿಂದ 360ರವರೆಗಿನ ಡಿಗ್ರಿಗಳ ಗುರುತುಗಳೂ, ಸೂಜಿಯ ತುದಿಯನ್ನು ಎರಡು ಬದಿಯಿಂದ ಹಿಡಿದಿಡುವಂತೆ ಕಾಣುವ ಒಂದು ಜೋಡಿ ಗುರುತೂ ಇರುತ್ತವೆ. ಕೆಲವು ಮಾದರಿಗಳಲ್ಲಿ ದಿಕ್ಸೂಚಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಲು ಪಕ್ಕದಲ್ಲಿ ಚಿಕ್ಕ ಕಿಂಡಿಯೂ ಇರುತ್ತದೆ.

ದಿಕ್ಸೂಚಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರೆ, ಒತ್ತಡ ಮಾಪಕದ ಜೊತೆ ಜೋಡಿಸುತ್ತಾರೆ ಅಥವಾ ತಾನಾಗಿ ಸುತ್ತಿಕೊಳ್ಳುವ ದಾರಕ್ಕೆ ತೂಗುಹಾಕುತ್ತಾರೆ. ಸೇನೆಯ ಮುಳುಗುಗಾರರು ದಿಕ್ಸೂಚಿ, ಆಳಮಾಪಕ ಮತ್ತು ಗಡಿಯಾರಗಳನ್ನು ಒಂದೇ ಹಲಗೆಯ ಮೇಲೆ ಕೂಡಿಸಿ ಎರಡು ಕೈಗಳಿಂದ ಮುಂದೆ ಹಿಡಿದು ಈಜುತ್ತಾರೆ.

ಮೂಲ ವಿಧಾನ

ಹೋಗಬೇಕಾದ ಕಡೆಗೆ ಮುಖರೇಖೆಯನ್ನು ನೆಟ್ಟು, ಸೂಜಿ ಸ್ಥಿರವಾಗುವವರೆಗೆ ಕಾದು, ಬಳೆಯ ಜೋಡಿ ಗುರುತುಗಳು ಸೂಜಿಯ ಉತ್ತರ ತುದಿಯ ಎರಡು ಬದಿಗೆ ಬರುವಂತೆ ತಿರುಗಿಸುವುದು ಮೊದಲ ಹೆಜ್ಜೆ. ಅನಂತರ ಸೂಜಿಯು ಆ ಗುರುತುಗಳ ನಡುವೆಯೇ ಇರುವಂತೆ ನೋಡಿಕೊಂಡು ಮುಖರೇಖೆಯ ನೇರಕ್ಕೆ ಈಜಿದರೆ ಹಾದಿ ನೇರವಾಗಿರುತ್ತದೆ. ಉತ್ತರದಿಂದ ಬಲಸುತ್ತಾಗಿ ಅಳೆದ ಈ ದಿಕ್ಕಿನ ಕೋನವನ್ನು ದಿಗಂಶ ಎನ್ನುತ್ತಾರೆ. ಪೂರ್ವ 90 ಡಿಗ್ರಿ, ದಕ್ಷಿಣ 180, ಪಶ್ಚಿಮ 270.

ಎರಡು ವಿಷಯಗಳಲ್ಲಿ ಎಚ್ಚರ ಬೇಕು. ದಿಕ್ಸೂಚಿಯು ಸಮತಟ್ಟಾಗಿರಬೇಕು, ಓರೆಯಾದರೆ ಸೂಜಿ ಡಬ್ಬಿಗೆ ತಗುಲಿ ನಿಂತುಬಿಡುತ್ತದೆ. ನಿಂತ ಸೂಜಿಯು ಗುರುತುಗಳ ನಡುವೆ ಅಲುಗಾಡದೆ ಇರುವುದರಿಂದ ಎಲ್ಲವೂ ಸರಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಎರಡನೆಯದಾಗಿ, ಮುಖರೇಖೆಯು ದೇಹದ ಉದ್ದಕ್ಕೆ ನೇರವಾಗಿರಬೇಕು. ದಿಕ್ಸೂಚಿ ಮಣಿಕಟ್ಟಿನಲ್ಲಿದ್ದರೆ ಇನ್ನೊಂದು ಕೈಯನ್ನು ಮುಂದಕ್ಕೆ ಚಾಚಿ, ದಿಕ್ಸೂಚಿ ಇರುವ ಕೈಯನ್ನು ಮಡಿಚಿ ಚಾಚಿದ ಕೈಯ ಮೊಣಕೈ ಬಳಿ ಹಿಡಿದರೆ ದಿಕ್ಸೂಚಿಯು ಮುಖದ ಮುಂದೆ ನೇರವಾಗಿ ನಿಲ್ಲುತ್ತದೆ. ಸೂಜಿಯನ್ನೇ ದಿಟ್ಟಿಸುತ್ತ ಈಜುವುದಕ್ಕಿಂತ, ಆ ದಿಕ್ಕಿನಲ್ಲಿ ಕಾಣುವ ಬಂಡೆಯನ್ನೋ ಹವಳವನ್ನೋ ಗುರಿಯಾಗಿ ಆರಿಸಿ ಅಲ್ಲಿಗೆ ತಲಪಿ, ಮತ್ತೊಂದು ಗುರಿಯನ್ನು ಆರಿಸಿಕೊಳ್ಳುವುದು ಸುಲಭ.

ಹಿಂದಿರುಗಲು ದಿಗಂಶಕ್ಕೆ 180 ಡಿಗ್ರಿ ಕೂಡಿಸಬೇಕು. ಮೊತ್ತ 360ನ್ನು ಮೀರುವುದಾದರೆ 180 ಕಳೆಯಬೇಕು. 40 ಡಿಗ್ರಿಯಲ್ಲಿ ಹೋದವರು 220ರಲ್ಲಿ ಮರಳಬೇಕು. 250ರಲ್ಲಿ ಹೋದವರು 70ರಲ್ಲಿ ಮರಳಬೇಕು. ಇದನ್ನು ವಿರುದ್ಧ ದಿಗಂಶ ಎನ್ನುತ್ತಾರೆ. ಲೆಕ್ಕ ಮಾಡುವ ಬದಲು ಬಳೆಯನ್ನು ಮುಟ್ಟದೆ, ಸೂಜಿಯ ದಕ್ಷಿಣ ತುದಿ ಜೋಡಿ ಗುರುತುಗಳ ನಡುವೆ ಬರುವವರೆಗೆ ದೇಹವನ್ನು ತಿರುಗಿಸಿದರೂ ಸಾಕು.

ಹೋದ ದಾರಿಯಲ್ಲೇ ಮರಳದೆ ಹೊಸ ಪ್ರದೇಶವನ್ನು ನೋಡಬಯಸುವವರು ಚೌಕ ಅಥವಾ ತ್ರಿಕೋನದ ಹಾದಿ ಹಿಡಿಯುತ್ತಾರೆ. ಚೌಕದಲ್ಲಿ ಪ್ರತಿ ತಿರುವಿಗೆ 90 ಡಿಗ್ರಿ ಕೂಡಿಸಬೇಕು: 30, 120, 210, 300. ಸಮಬಾಹು ತ್ರಿಕೋನದಲ್ಲಿ ಪ್ರತಿ ತಿರುವಿಗೆ 120 ಡಿಗ್ರಿ: 60, 180, 300. ಎಲ್ಲ ಬದಿಗಳ ಉದ್ದ ಒಂದೇ ಆಗಿದ್ದರೆ ಮಾತ್ರ ಈ ಹಾದಿಗಳು ಹೊರಟಲ್ಲಿಗೆ ಬಂದು ಸೇರುತ್ತವೆ.

ದೂರದ ಅಂದಾಜು

ದಿಕ್ಸೂಚಿಯು ದೂರವನ್ನು ತೋರಿಸದ ಕಾರಣ ಅದನ್ನು ಬೇರೆ ಬಗೆಯಲ್ಲಿ ಅಳೆಯಬೇಕು. ಸಾಮಾನ್ಯ ಕ್ರಮವೆಂದರೆ ಕಾಲಿನ ಬಡಿತಗಳನ್ನು ಎಣಿಸುವುದು. ಎಡಗಾಲು, ಬಲಗಾಲು ಎರಡೂ ಒಂದೊಂದು ಬಾರಿ ಬಡಿದರೆ ಒಂದು ಸುತ್ತು. ಮೊದಲೇ ಹಗ್ಗ ಹಾಸಿ ಅಳೆದ 30 ಮೀಟರ್ ದೂರವನ್ನು ನಿಧಾನವಾಗಿ ಈಜಿ, ಎಷ್ಟು ಸುತ್ತುಗಳು ಹಾಗೂ ಎಷ್ಟು ಸೆಕೆಂಡುಗಳು ಬೇಕಾದವು ಎಂಬುದನ್ನು ಬರೆದಿಟ್ಟುಕೊಳ್ಳುತ್ತಾರೆ. 20 ಸುತ್ತುಗಳಾದರೆ ಒಂದು ಸುತ್ತಿಗೆ ಒಂದೂವರೆ ಮೀಟರ್. ಈ ಸಂಖ್ಯೆ ವ್ಯಕ್ತಿಯಿಂದ ವ್ಯಕ್ತಿಗೆ ಮಾತ್ರವಲ್ಲ, ಉಪಕರಣದಿಂದ ಉಪಕರಣಕ್ಕೂ ಬದಲಾಗುತ್ತದೆ. ಹೊರದೇಶದಲ್ಲಿ ಬಾಡಿಗೆಗೆ ಪಡೆದ ಕಾಲಿನ ರೆಕ್ಕೆಗಳು ಬೇರೆಯಾಗಿದ್ದರೆ, ತಣ್ಣೀರಿಗಾಗಿ ದಪ್ಪನೆಯ ಉಡುಪು ಧರಿಸಿದ್ದರೆ, ಹಳೆಯ ಸಂಖ್ಯೆಯನ್ನು ನೆಚ್ಚುವಂತಿಲ್ಲ. ಸೆಳೆತ ಇರುವಲ್ಲಿ ಬಡಿತದ ಎಣಿಕೆಯು ನೀರಿಗೆ ಹೋಲಿಸಿದ ದೂರವನ್ನು ಹೇಳುತ್ತದೆಯೇ ಹೊರತು ನೆಲಕ್ಕೆ ಹೋಲಿಸಿದ ದೂರವನ್ನಲ್ಲ.

ದಿಕ್ಕಿನಲ್ಲಿ ಆಗುವ ಸಣ್ಣ ತಪ್ಪು ದೂರ ಹೆಚ್ಚಿದಂತೆ ದೊಡ್ಡದಾಗುತ್ತದೆ. 5 ಡಿಗ್ರಿ ತಪ್ಪಿದರೆ 100 ಮೀಟರ್ ಈಜಿದಾಗ ಸುಮಾರು 9 ಮೀಟರ್ ಪಕ್ಕಕ್ಕೆ ಸರಿದಂತಾಗುತ್ತದೆ. 10 ಡಿಗ್ರಿ ತಪ್ಪಿದರೆ ಸುಮಾರು 17 ಮೀಟರ್. ಗೋಚರತೆ 20 ಮೀಟರ್ ಇರುವಲ್ಲಿ ಇದು ತೊಂದರೆಯಲ್ಲ. 5 ಮೀಟರ್ ಇರುವಲ್ಲಿ ದೋಣಿಯ ಲಂಗರಿನ ಹಗ್ಗವನ್ನು ಕಾಣದೆಯೇ ಅದರ ಪಕ್ಕದಲ್ಲಿ ಹಾದುಹೋಗಬಹುದು.

ನೀರಿನ ಸೆಳೆತ ಮತ್ತು ಮರಳುವ ದಾರಿ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ವಿರುದ್ಧ ದಿಗಂಶವು ತಮ್ಮನ್ನು ಖಂಡಿತವಾಗಿ ಹೊರಟಲ್ಲಿಗೆ ತಲಪಿಸುತ್ತದೆ ಎಂದು ನಂಬುವುದು. ನಿಂತ ನೀರಿನಲ್ಲಿ ಅದು ನಿಜ. ಅಡ್ಡಲಾಗಿ ಸೆಳೆತ ಇರುವಲ್ಲಿ ನಿಜವಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮುಳುಗುಗಾರರು ನಿಮಿಷಕ್ಕೆ 15 ಮೀಟರ್ ವೇಗದಲ್ಲಿ ದೋಣಿಯಿಂದ ಪೂರ್ವಕ್ಕೆ, ಅಂದರೆ 90 ಡಿಗ್ರಿಯಲ್ಲಿ, 10 ನಿಮಿಷ ಈಜುತ್ತಾರೆ ಎಂದುಕೊಳ್ಳೋಣ. ನೀರು ಉತ್ತರದಿಂದ ದಕ್ಷಿಣಕ್ಕೆ ನಿಮಿಷಕ್ಕೆ 5 ಮೀಟರ್, ಅಂದರೆ ಗಂಟೆಗೆ ಕೇವಲ 300 ಮೀಟರ್ ವೇಗದಲ್ಲಿ ಹರಿಯುತ್ತಿದೆ. ಹತ್ತು ನಿಮಿಷಗಳ ಕೊನೆಗೆ ಅವರು 150 ಮೀಟರ್ ಪೂರ್ವದಲ್ಲಿಯೂ 50 ಮೀಟರ್ ದಕ್ಷಿಣದಲ್ಲಿಯೂ ಇರುತ್ತಾರೆ. ಈಗ 270 ಡಿಗ್ರಿ ಹಿಡಿದು 10 ನಿಮಿಷ ಮರಳಿದರೆ ಸೆಳೆತವು ಮತ್ತೆ 50 ಮೀಟರ್ ದಕ್ಷಿಣಕ್ಕೆ ಒಯ್ಯುತ್ತದೆ. ಸೂಜಿ ಒಮ್ಮೆಯೂ ತಪ್ಪದಿದ್ದರೂ ಅವರು ದೋಣಿಯಿಂದ 100 ಮೀಟರ್ ದೂರದಲ್ಲಿ ಮೇಲೇಳುತ್ತಾರೆ. ಹೋಗುವಾಗಿನ ತಪ್ಪನ್ನು ಬರುವಾಗಿನ ಹಾದಿ ಅಳಿಸುವುದಿಲ್ಲ, ಇಮ್ಮಡಿಗೊಳಿಸುತ್ತದೆ.

ಇದನ್ನು ತಡೆಯಲು ಸೆಳೆತದ ಎದುರಿಗೆ ಸ್ವಲ್ಪ ಓರೆಯಾಗಿ ಈಜಬೇಕು. ಮೇಲಿನ ಉದಾಹರಣೆಯಲ್ಲಿ ಸುಮಾರು 20 ಡಿಗ್ರಿ ಉತ್ತರಕ್ಕೆ ಓರೆಯಾಗಿ, ಅಂದರೆ 70 ಡಿಗ್ರಿಗೆ ಮುಖ ಮಾಡಿ ಈಜಿದರೆ ನಿಜವಾದ ಹಾದಿ ನೇರ ಪೂರ್ವಕ್ಕೆ ಸಾಗುತ್ತದೆ. ಮರಳುವಾಗ 70ರ ವಿರುದ್ಧವಾದ 250 ಡಿಗ್ರಿ ಹಿಡಿಯುವುದು ತಪ್ಪು. ಆಗಲೂ ಉತ್ತರದ ಕಡೆಗೇ ಓರೆಯಾಗಬೇಕಾದುದರಿಂದ ಸರಿಯಾದ ದಿಗಂಶ 290 ಡಿಗ್ರಿ. ಸೆಳೆತದ ವೇಗವು ಈಜುವ ವೇಗವನ್ನು ಸಮೀಪಿಸಿದರೆ ಯಾವ ಓರೆಯೂ ಪ್ರಯೋಜನಕ್ಕೆ ಬರುವುದಿಲ್ಲ.

ಆದ್ದರಿಂದ ಸೌಮ್ಯವಾದ ಸೆಳೆತ ಇರುವಲ್ಲಿ ಮುಳುಗಾಟದ ಮೊದಲ ಅರ್ಧವನ್ನು ಸೆಳೆತದ ಎದುರಿಗೆ ಕಳೆಯುವುದು ರೂಢಿ. ದಣಿದ ಮೇಲೆ, ಗಾಳಿ ಕಡಿಮೆಯಾದ ಮೇಲೆ, ನೀರೇ ದೋಣಿಯ ಕಡೆಗೆ ತಂದು ಬಿಡುತ್ತದೆ. ದಡಕ್ಕೆ ಮರಳುವವರು ಮತ್ತೊಂದು ಉಪಾಯವನ್ನು ಬಳಸುತ್ತಾರೆ. ಇಳಿದ ಸ್ಥಳಕ್ಕೇ ನೇರ ಗುರಿಯಿಡದೆ, ಬೇಕೆಂದೇ ಸುಮಾರು 10 ಡಿಗ್ರಿ ಎಡಕ್ಕೆ ಗುರಿಯಿಡುತ್ತಾರೆ. 150 ಮೀಟರ್ ದೂರದಿಂದ ಬಂದರೆ ಅವರು ಇಳಿದಲ್ಲಿಂದ ಸುಮಾರು 26 ಮೀಟರ್ ಎಡಕ್ಕೆ ದಡವನ್ನು ಮುಟ್ಟುತ್ತಾರೆ. ಆಗ ಬಲಕ್ಕೆ ತಿರುಗಬೇಕು ಎಂಬುದು ನಿಶ್ಚಿತ. ನೇರ ಗುರಿಯಿಟ್ಟು ತಪ್ಪಿದವರಿಗೆ ಎಡವೋ ಬಲವೋ ಎಂಬುದೇ ತಿಳಿಯುವುದಿಲ್ಲ.

ಪ್ರಾಕೃತಿಕ ಗುರುತುಗಳು

ದಿಕ್ಸೂಚಿಯ ಜೊತೆಗೆ ನೀರಿನಡಿಯ ಗುರುತುಗಳನ್ನೂ ಗಮನಿಸುವುದು ಕ್ರಮ. ದಡದ ಸಮೀಪ ಅಲೆಗಳಿಂದ ಮರಳಿನ ಮೇಲೆ ಮೂಡಿದ ಏರಿಳಿತದ ಗೆರೆಗಳು ಸಾಮಾನ್ಯವಾಗಿ ದಡಕ್ಕೆ ಸಮಾನಾಂತರವಾಗಿರುತ್ತವೆ. ತಳ ಇಳಿಜಾರಾಗುತ್ತಿದ್ದರೆ ಕಡಲಿನ ಕಡೆಗೆ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಹವಳದ ಗೋಡೆಯನ್ನು ಬಲಕ್ಕಿಟ್ಟುಕೊಂಡು ಹೋದವರು ಎಡಕ್ಕಿಟ್ಟುಕೊಂಡು ಮರಳಬೇಕು. ಹೋಗುವಾಗ ಕಂಡ ಲಂಗರು, ದೊಡ್ಡ ಬಂಡೆ ಮುಂತಾದವನ್ನು ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು. ಮರಳುವಾಗ ಕಾಣುವುದು ಅವುಗಳ ಹಿಂಬದಿ.

ದಿಕ್ಸೂಚಿಯನ್ನು ದಾರಿ ತಪ್ಪಿಸುವ ವಸ್ತುಗಳು

ಸಮೀಪದ ಉಕ್ಕು, ಕಬ್ಬಿಣ ಹಾಗೂ ಅಯಸ್ಕಾಂತಗಳು ಸೂಜಿಯನ್ನು ತಮ್ಮತ್ತ ಸೆಳೆಯುತ್ತವೆ. ಇದನ್ನು ವಿಚಲನೆ ಎನ್ನುತ್ತಾರೆ. ಉಕ್ಕಿನ ಸಿಲಿಂಡರ್, ಅಯಸ್ಕಾಂತದ ಗುಂಡಿಯುಳ್ಳ ಕೈದೀಪ, ಅಯಸ್ಕಾಂತದ ಕೊಂಡಿಗಳು, ಪಕ್ಕದಲ್ಲೇ ಹಿಡಿದ ಮತ್ತೊಂದು ದಿಕ್ಸೂಚಿ, ಇವೆಲ್ಲ ಸಾಮಾನ್ಯ ಕಾರಣಗಳು. ಅಲ್ಯೂಮಿನಿಯಂ ಸಿಲಿಂಡರುಗಳಿಂದ ಈ ತೊಂದರೆ ಇಲ್ಲ. ಇಬ್ಬರು ಜೊತೆಗಾರರು ದಿಕ್ಸೂಚಿಗಳನ್ನು ಹೋಲಿಸಿ ನೋಡುವಾಗ ಅವುಗಳ ನಡುವೆ ಸಾಕಷ್ಟು ಅಂತರ ಇರಬೇಕು.

ಮುಳುಗಿದ ಹಡಗುಗಳ ಬಳಿ ಈ ಸಮಸ್ಯೆ ಅತಿ ಹೆಚ್ಚು. ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಸುಮಾರು 30 ಮೀಟರ್ ಆಳದಲ್ಲಿರುವ ಬ್ರಿಟಿಷ್ ಸರಕು ಹಡಗು ಥಿಸಲ್‌ಗಾರ್ಮ್ ಇದಕ್ಕೆ ಪ್ರಸಿದ್ಧ ನಿದರ್ಶನ. 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನದ ದಾಳಿಗೆ ತುತ್ತಾಗಿ ಮುಳುಗಿದ ಈ ಹಡಗಿನಲ್ಲಿ ಲಾರಿಗಳು, ಮೋಟಾರ್ ಸೈಕಲ್‌ಗಳು, ರೈಲು ಇಂಜಿನ್‌ಗಳು ಇದ್ದವು. ಹಡಗಿನ ಒಡಲು ಮತ್ತು ಸರಕು ಎರಡೂ ಉಕ್ಕೇ ಆಗಿರುವುದರಿಂದ ಅದರ ಮೇಲೆ ಈಜುವಾಗ ದಿಕ್ಸೂಚಿಯನ್ನು ನೆಚ್ಚುವಂತಿಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಸ್ಕಾಪಾ ಫ್ಲೋದಲ್ಲಿ, 1919ರ ಜೂನ್ 21ರಂದು ತಮ್ಮ ನಾವಿಕರಿಂದಲೇ ಮುಳುಗಿಸಲ್ಪಟ್ಟ ಜರ್ಮನ್ ಯುದ್ಧನೌಕೆಗಳ ಅವಶೇಷಗಳ ಬಳಿಯಲ್ಲೂ ಇದೇ ಸ್ಥಿತಿ. ಇಂಥ ಕಡೆಗಳಲ್ಲಿ ಹಡಗಿನ ರಚನೆಯನ್ನು ಅನುಸರಿಸಿ, ಇಳಿದ ಹಗ್ಗಕ್ಕೇ ಮರಳುತ್ತಾರೆ. ಹಡಗನ್ನು ಬಿಟ್ಟು ದೂರ ಹೋಗಬೇಕಾದರೆ ದಿಗಂಶವನ್ನು ಮೊದಲೇ ಅಳೆದಿಟ್ಟುಕೊಳ್ಳುತ್ತಾರೆ.

ದೇಶ ಬದಲಾದಂತೆ ಬದಲಾಗುವ ಸೂಜಿ

ಭೂಮಿಯ ಕಾಂತಕ್ಷೇತ್ರವು ಎಲ್ಲೆಡೆ ನೆಲಕ್ಕೆ ಸಮಾನಾಂತರವಾಗಿಲ್ಲ. ಕಾಂತೀಯ ಸಮಭಾಜಕದ ಬಳಿ ಅದು ಸಮತಟ್ಟಾಗಿದ್ದು, ಧ್ರುವಗಳ ಕಡೆಗೆ ಹೋದಂತೆ ಕಡಿದಾಗುತ್ತದೆ. ಲಂಡನ್ನಿನಲ್ಲಿ ಅದು ಉತ್ತರಕ್ಕೆ ಸುಮಾರು 66 ಡಿಗ್ರಿ ಕೆಳಮುಖವಾಗಿದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಸುಮಾರು 64 ಡಿಗ್ರಿ ಮೇಲ್ಮುಖವಾಗಿದೆ. ಉತ್ತರ ಗೋಳಾರ್ಧಕ್ಕಾಗಿ ತಯಾರಿಸಿದ ದಿಕ್ಸೂಚಿಯಲ್ಲಿ ಉತ್ತರ ತುದಿ ವಾಲದಂತೆ ದಕ್ಷಿಣ ತುದಿಗೆ ಸ್ವಲ್ಪ ಭಾರ ಸೇರಿಸಿರುತ್ತಾರೆ. ಅದೇ ದಿಕ್ಸೂಚಿಯನ್ನು ಸಿಡ್ನಿಗೆ ಒಯ್ದರೆ ಅಲ್ಲಿನ ಕ್ಷೇತ್ರವು ದಕ್ಷಿಣ ತುದಿಯನ್ನೇ ಕೆಳಕ್ಕೆ ಎಳೆಯುತ್ತದೆ; ಸೇರಿಸಿದ ಭಾರವೂ ಅದೇ ತುದಿಯಲ್ಲಿರುತ್ತದೆ. ಎರಡೂ ಕೂಡಿ ಸೂಜಿಯು ಡಬ್ಬಿಗೆ ಉಜ್ಜಿ, ತಡೆತಡೆದು ತಿರುಗುತ್ತದೆ ಅಥವಾ ನಿಂತೇಬಿಡುತ್ತದೆ.

ಈ ಕಾರಣದಿಂದ ಕೆಲವು ತಯಾರಕರು ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳಿಗೆ ಬೇರೆ ಬೇರೆ ಮಾದರಿಗಳನ್ನು ಮಾಡುತ್ತಾರೆ. ಎಲ್ಲೆಡೆ ಸಲ್ಲುವಂತೆ ಸೂಜಿಗೆ ಹೆಚ್ಚು ವಾಲುವ ಅವಕಾಶ ಕೊಟ್ಟ ಮಾದರಿಗಳೂ ಇವೆ. ಕಾಂತೀಯ ಸಮಭಾಜಕವು ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ. ಆದ್ದರಿಂದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ ಕಾಂತೀಯ ನತಿ ಅಲ್ಪ. ಅಲ್ಲಿ ಸರಿಯಾಗಿ ತಿರುಗಿದ ದಿಕ್ಸೂಚಿಯು ನ್ಯೂಜಿಲೆಂಡಿನಲ್ಲೋ ನಾರ್ವೆಯಲ್ಲೋ ಸರಿಯಾಗಿ ತಿರುಗುತ್ತದೆ ಎನ್ನಲಾಗದು.

ಎರಡನೆಯ ವ್ಯತ್ಯಾಸವೆಂದರೆ ದಿಕ್ಪಾತ. ಸೂಜಿ ತೋರಿಸುವ ಕಾಂತೀಯ ಉತ್ತರಕ್ಕೂ ಭೂಪಟದ ನಿಜವಾದ ಉತ್ತರಕ್ಕೂ ಇರುವ ಕೋನವಿದು. ಕರ್ನಾಟಕದ ಕರಾವಳಿಯಲ್ಲಿ ಇದು ಒಂದು ಡಿಗ್ರಿಯ ಆಸುಪಾಸಿನಲ್ಲಿದ್ದು ಗಣನೆಗೆ ಬಾರದು. ಸಿಡ್ನಿಯಲ್ಲಿ ಇದು ಪೂರ್ವಕ್ಕೆ ಸುಮಾರು 12ರಿಂದ 13 ಡಿಗ್ರಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಸುಮಾರು 20 ಡಿಗ್ರಿ. ದಿಕ್ಸೂಚಿಯಿಂದಲೇ ದಿಗಂಶವನ್ನು ಅಳೆದು, ಅದೇ ದಿಕ್ಸೂಚಿಯಿಂದ ಮರಳುವವರಿಗೆ ದಿಕ್ಪಾತ ಬಾಧಿಸುವುದಿಲ್ಲ. ಭೂಪಟದಿಂದ ದಿಗಂಶವನ್ನು ಓದಿಕೊಂಡು ನೀರಿಗಿಳಿಯುವವರು ಮಾತ್ರ ಪೂರ್ವ ದಿಕ್ಪಾತವನ್ನು ಕಳೆದು, ಪಶ್ಚಿಮ ದಿಕ್ಪಾತವನ್ನು ಕೂಡಿಸಬೇಕು.

ಹೊಸ ಸ್ಥಳದಲ್ಲಿ ನೀರಿಗಿಳಿಯುವ ಮೊದಲು ಒಂದು ಸರಳ ಪರೀಕ್ಷೆ ಸಾಕು. ಉಕ್ಕಿನ ವಸ್ತುಗಳಿಂದ ದೂರ ನಿಂತು, ದಿಕ್ಸೂಚಿಯನ್ನು ಸಮತಟ್ಟಾಗಿ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಬೇಕು. ಸೂಜಿಯು ಎಲ್ಲೂ ತಡೆಯದೆ ಒಂದೇ ದಿಕ್ಕಿಗೆ ನಿಲ್ಲಬೇಕು. ಅನಂತರ ಸ್ಥಳೀಯ ಮಾರ್ಗದರ್ಶಿಯ ದಿಕ್ಸೂಚಿಯೊಡನೆ ಹೋಲಿಸಬೇಕು. ಪ್ರಯಾಣದಲ್ಲಿ ಧ್ವನಿವರ್ಧಕ, ಅಯಸ್ಕಾಂತವುಳ್ಳ ಫೋನ್ ಹೊದಿಕೆ ಮುಂತಾದವುಗಳ ಜೊತೆ ಇಟ್ಟ ದಿಕ್ಸೂಚಿಯ ಸೂಜಿಯು ಉತ್ತರ ದಕ್ಷಿಣಗಳನ್ನು ಅದಲುಬದಲಾಗಿ ತೋರಿಸುವುದೂ ಉಂಟು.

ಸ್ಥಳಕ್ಕೆ ತಕ್ಕ ಬಳಕೆ

ದಿಕ್ಸೂಚಿಯ ಪಾತ್ರ ಎಲ್ಲ ತಾಣಗಳಲ್ಲಿಯೂ ಒಂದೇ ಅಲ್ಲ. ಮಾಲ್ಡೀವ್ಸ್‌ನ ಹವಳ ದ್ವೀಪಗಳ ನಡುವಿನ ಕಾಲುವೆಗಳಲ್ಲಿ ಸೆಳೆತ ಬಲವಾಗಿರುವುದರಿಂದ ಮುಳುಗುಗಾರರು ನೀರಿನೊಡನೆ ತೇಲುತ್ತ ಸಾಗುತ್ತಾರೆ. ದೋಣಿಯೇ ಅವರನ್ನು ಹಿಂಬಾಲಿಸುತ್ತದೆ. ಅಲ್ಲಿ ಹೊರಟಲ್ಲಿಗೆ ಮರಳುವ ಪ್ರಶ್ನೆಯಿಲ್ಲ. ತಳ ಕಾಣದ ನೀಲಿ ನೀರಿನಲ್ಲಿ ದಿಬ್ಬ ಯಾವ ಕಡೆಗಿದೆ ಎಂದು ತಿಳಿಯಲು ದಿಕ್ಸೂಚಿ ನೆರವಾಗುತ್ತದೆ.

ಸಿಡ್ನಿಯ ಮ್ಯಾನ್ಲಿ ಬಳಿಯ ಶೆಲ್ಲಿ ಬೀಚ್‌ನಲ್ಲಿ ದಡದಿಂದಲೇ ನೀರಿಗಿಳಿಯುತ್ತಾರೆ. ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಕಡಲು ಪೂರ್ವಕ್ಕೆ, ನೆಲ ಪಶ್ಚಿಮಕ್ಕೆ ಎಂಬುದು ಸಹಜ ಊಹೆ. ಆದರೆ ಈ ಚಿಕ್ಕ ಕಡಲತೀರವು ಭೂಶಿರದ ಒಳಬದಿಯಲ್ಲಿದ್ದು ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿಂದ ಕೊಲ್ಲಿಯೊಳಕ್ಕೆ ಹೋದವರು ಮರಳಲು ಪೂರ್ವದ ಕಡೆಗೇ ಈಜಬೇಕು. ಭೂಪಟದ ನೆನಪನ್ನು ನೆಚ್ಚದೆ, ನೀರಿಗಿಳಿಯುವ ಮೊದಲು ದಡದಲ್ಲಿ ನಿಂತು ದಿಗಂಶವನ್ನು ಅಳೆಯಬೇಕು ಎಂಬ ನಿಯಮದ ಮಹತ್ವ ಇಲ್ಲಿ ತಿಳಿಯುತ್ತದೆ.

ವಿದ್ಯುನ್ಮಾನ ದಿಕ್ಸೂಚಿ

ಇತ್ತೀಚಿನ ಅನೇಕ ಡೈವ್ ಕಂಪ್ಯೂಟರ್‌ಗಳಲ್ಲಿ ವಿದ್ಯುನ್ಮಾನ ದಿಕ್ಸೂಚಿ ಸೇರಿದೆ. ಸೂಜಿಯ ಬದಲು ಕಾಂತಕ್ಷೇತ್ರವನ್ನು ಗ್ರಹಿಸುವ ಸಂವೇದಕಗಳು ಇರುವುದರಿಂದ ಸೂಜಿ ಉಜ್ಜುವ ತೊಂದರೆ ಇಲ್ಲ. ಕೈ ಓರೆಯಾದರೂ ಸರಿಪಡಿಸಿಕೊಳ್ಳುವ ಮಾದರಿಗಳಿವೆ. ವಿರುದ್ಧ ದಿಗಂಶವನ್ನು ತಾನೇ ತೋರಿಸುತ್ತದೆ. ಆದರೆ ಬ್ಯಾಟರಿ ಬದಲಿಸಿದಾಗ, ದೂರದ ಪ್ರದೇಶಕ್ಕೆ ಹೋದಾಗ ಅದನ್ನು ತಯಾರಕರು ಹೇಳಿದಂತೆ ತಿರುಗಿಸಿ ಮತ್ತೆ ಹೊಂದಿಸಿಕೊಳ್ಳಬೇಕು. ಬ್ಯಾಟರಿ ಮುಗಿದರೆ ದಿಕ್ಸೂಚಿಯೂ ನಿಲ್ಲುವುದರಿಂದ ಹಲವರು ಸೂಜಿಯ ದಿಕ್ಸೂಚಿಯನ್ನೂ ಜೊತೆಗಿಟ್ಟುಕೊಳ್ಳುತ್ತಾರೆ.

ತರಬೇತಿ

1959ರಲ್ಲಿ ಸ್ಥಾಪನೆಯಾದ ಸಿಮಾಸ್ ಒಕ್ಕೂಟ, 1966ರಲ್ಲಿ ಆರಂಭವಾದ ಪ್ಯಾಡಿ ಮುಂತಾದ ಸಂಸ್ಥೆಗಳ ಪಠ್ಯಕ್ರಮಗಳಲ್ಲಿ ದಿಕ್ಸೂಚಿಯ ಬಳಕೆ ಸೇರಿದೆ. ಪ್ಯಾಡಿಯ ಆರಂಭಿಕ ಶಿಕ್ಷಣದಲ್ಲಿ ನೇರ ದಾರಿಯಲ್ಲಿ ಹೋಗಿ ಮರಳುವುದನ್ನು ಕಲಿಸಲಾಗುತ್ತದೆ. ಅದರ ಮುಂದಿನ ಹಂತದಲ್ಲಿ ನೀರಿನಡಿಯ ಮಾರ್ಗನಿರ್ಣಯ ಕಡ್ಡಾಯವಾಗಿದ್ದು ಚೌಕದ ಹಾದಿಯನ್ನೂ ಅಭ್ಯಾಸ ಮಾಡಿಸುತ್ತಾರೆ. ನೀರಿಗಿಳಿಯುವ ಮೊದಲು ಮೈದಾನದಲ್ಲಿ ತಲೆಯ ಮೇಲೆ ಬಟ್ಟೆ ಹೊದ್ದು, ಕಾಲಬುಡದ ನೆಲವಷ್ಟೇ ಕಾಣುವಂತೆ ನಡೆದು ಅಭ್ಯಾಸ ಮಾಡುವುದೂ ಉಪಯುಕ್ತ. ಸಿಮಾಸ್ ಆಶ್ರಯದಲ್ಲಿ ನೀರಿನಡಿಯ ಮಾರ್ಗಶೋಧನೆ ಒಂದು ಸ್ಪರ್ಧಾತ್ಮಕ ಕ್ರೀಡೆಯಾಗಿಯೂ ಬೆಳೆದಿದೆ.

ಸುರಕ್ಷತೆ

ಇಬ್ಬರು ಜೊತೆಯಾಗಿ ಈಜುವಾಗ ಒಬ್ಬರು ದಿಕ್ಸೂಚಿಯನ್ನು, ಇನ್ನೊಬ್ಬರು ಆಳ, ಸಮಯ ಹಾಗೂ ಗಾಳಿಯ ಒತ್ತಡವನ್ನು ಗಮನಿಸುವುದು ವಾಡಿಕೆ. ಸೂಜಿಯನ್ನೇ ನೋಡುತ್ತಿರುವವರು ಅರಿವಿಲ್ಲದೆ ಆಳಕ್ಕೆ ಇಳಿಯುವ ಸಾಧ್ಯತೆ ಇರುವುದೇ ಇದಕ್ಕೆ ಕಾರಣ. ಹೊರಟಲ್ಲಿಗೇ ಮರಳಬೇಕಾದ ಮುಳುಗಾಟದಲ್ಲಿ ಗಾಳಿಯನ್ನು ಮೂರು ಪಾಲು ಮಾಡಿ, ಒಂದು ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಎಂದು ಎಣಿಸುವ ಕ್ರಮವಿದೆ. 210 ಬಾರ್ ಒತ್ತಡದಿಂದ ಆರಂಭಿಸಿದವರು 140 ಬಾರ್ ಆದಾಗ ಹಿಂದಿರುಗಬೇಕು. ಅಮೆರಿಕದಲ್ಲಿ ಮಾಪಕಗಳು ಬಾರ್ ಬದಲು ಪಿಎಸ್‌ಐ ಅಳತೆಯಲ್ಲಿಯೂ ಆಳವು ಅಡಿಗಳಲ್ಲಿಯೂ ಇರುವುದು ಸಾಮಾನ್ಯವಾದ್ದರಿಂದ ಈ ಸಂಖ್ಯೆಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಮನಸ್ಸು ಒಂದು ದಿಕ್ಕನ್ನೂ ಸೂಜಿ ಮತ್ತೊಂದನ್ನೂ ತೋರಿಸಿದಾಗ, ಸುತ್ತ ಉಕ್ಕಿಲ್ಲದೆ, ಸೂಜಿ ಸರಾಗವಾಗಿ ತಿರುಗುತ್ತ, ಜೊತೆಗಾರರ ದಿಕ್ಸೂಚಿಯೂ ಅದನ್ನೇ ಹೇಳಿದರೆ ಸೂಜಿಯನ್ನು ನಂಬಬೇಕು. ಆದರೂ ಗುರಿ ಸಿಗದಿದ್ದರೆ ಗಾಳಿ ಮುಗಿಯುವವರೆಗೆ ಹುಡುಕಬಾರದು. ಗಾಳಿ ಸಾಕಷ್ಟು ಇರುವಾಗಲೇ, ಮೇಲಿನ ದೋಣಿಗಳಿಗೆ ಕಾಣುವಂತೆ ಬಣ್ಣದ ಗಾಳಿಚೀಲವನ್ನು ಮೇಲಕ್ಕೆ ಬಿಟ್ಟು, ಜೊತೆಗಾರರೊಡನೆ ನಿಧಾನವಾಗಿ ಮೇಲೇರಬೇಕು. ಮೇಲೆ ದೋಣಿಯನ್ನು ಕಂಡು ಅದಕ್ಕೆ ಹೊಸದಾಗಿ ದಿಗಂಶ ಅಳೆದುಕೊಂಡರೆ, ಸಮುದ್ರದ ಸ್ಥಿತಿ ಮತ್ತು ಉಳಿದ ಗಾಳಿಯನ್ನು ನೋಡಿ ನೀರಿನ ಮೇಲೆಯೇ ಈಜಿ ಹೋಗುವುದೋ, ದೋಣಿಯವರಿಗೆ ಕೈಸನ್ನೆ ಮಾಡಿ ಕಾಯುವುದೋ ಎಂದು ತೀರ್ಮಾನಿಸಬಹುದು.